ಒಡಲನ್ನು ಹಿಂಬಾಲಿಸಿದ ಶಾಸನ

ಅಮೆರಿಕದ ವರ್ಜೀನಿಯಾ ಪ್ರಾಂತವು ಇಂಗ್ಲೆಂಡಿನ ಅರಸರಿಗೆ ಅಧೀನವಾದ ವಸಾಹತಾಗಿದ್ದು, ಹೊಗೆಸೊಪ್ಪಿನ ಬೆಳೆಯೊಂದನ್ನೇ ನೆಚ್ಚಿ ಬಾಳುತ್ತಿದ್ದ ಕಾಲದಲ್ಲಿ, ಎಂದರೆ 1643ರಲ್ಲಿ, ಅಲ್ಲಿಯ ಶಾಸನಸಭೆಯು ತೆರಿಗೆಯ ವಿಷಯವಾಗಿ ಒಂದು ಪುಟ್ಟ ನಿಯಮವನ್ನು ಮಾಡಿತು. ದುಡಿಯುವ ಗಂಡಸರ ತಲೆಯೊಂದಕ್ಕೆ ಇಷ್ಟೆಂದು ಮನೆಯ ಯಜಮಾನನು ಕಂದಾಯ ತೆರಬೇಕೆಂಬುದು ಅದಕ್ಕೆ ಮುಂಚಿನಿಂದಲೂ ನಡೆದುಬಂದಿದ್ದ ಪದ್ಧತಿ. ಆ ಎಣಿಕೆಗೆ ಈಗ ಆಫ್ರಿಕದಿಂದ ಬಂದ ಹೆಂಗಸರನ್ನೂ ಸೇರಿಸಲಾಯಿತು. ಇಂಗ್ಲಿಷ್ ಹೆಂಗಸರು ಮಾತ್ರ ಎಣಿಕೆಯ ಹೊರಗೇ ಉಳಿದರು. ಅವರು ಗೃಹಕೃತ್ಯದವರು, ಹೊಲದಲ್ಲಿ ಗೇಯುವವರಲ್ಲ ಎಂಬುದು ಸಭಾಸದರ ಭಾವನೆ. ಬಡ ಇಂಗ್ಲಿಷ್ ಹೆಂಗಸರೂ ಗುದ್ದಲಿ ಹಿಡಿಯುತ್ತಿದ್ದುದು ಆ ಸಭಾಸದರ ಕಣ್ಣಿಗೆ ಬೀಳದ ಸಂಗತಿಯೇನೂ ಆಗಿರಲಾರದು. ಹೆಣ್ಣುಕುಲವು ಕಾನೂನಿನ ದೃಷ್ಟಿಯಲ್ಲಿ ಎರಡಾಗಿ ಒಡೆದುದು ಹೀಗೆ ಒಂದು ಕಂದಾಯದ ಪಟ್ಟಿಯಲ್ಲಿ. ಮುಂದಿನ ಇನ್ನೂರು ವರ್ಷಗಳ ಕಥೆಯಲ್ಲಿ ಕಡತಗಳಿಂದ ತಿಳಿಯಬಹುದಾದುದನ್ನು ಚರಿತ್ರಕಾರರು ಶ್ರಮವಹಿಸಿ ತಿಳಿದು ಹೇಳಿದ್ದಾರೆ. ಕಡತಗಳು ಬಾಯಿಬಿಡದ ಕಡೆಯಲ್ಲಿ ಮಾತನಾಡುವ ಹೊಣೆಯನ್ನು ಕಳೆದ ಐವತ್ತು ವರ್ಷಗಳಿಂದೀಚೆಗೆ ಹೊತ್ತವರು ಕಾದಂಬರಿಕಾರರು, ಅದರಲ್ಲಿಯೂ ಕಪ್ಪು ಜನಾಂಗದ ಲೇಖಕಿಯರು. ಅವರ ಕೃತಿಗಳನ್ನು ಆ ಕಡತಗಳ ಪಕ್ಕದಲ್ಲಿಟ್ಟು ಓದಿದಾಗ ಎರಡರ ಅರ್ಥವೂ ಬೇರೆಯಾಗಿ ತೋರುತ್ತದೆ.

ಕಂದಾಯದ ನಿಯಮವಾಗಿ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಎಲಿಜಬೆತ್ ಕೀ ಎಂಬ ತರುಣಿಯೊಬ್ಬಳ ವ್ಯಾಜ್ಯವು ನಾರ್ತಂಬರ್ಲೆಂಡ್ ಪರಗಣೆಯ ನ್ಯಾಯಸ್ಥಾನದ ಮುಂದೆ ಬಂದಿತು. ಆಕೆಯ ತಂದೆ ಥಾಮಸ್ ಕೀ ಶಾಸನಸಭೆಯ ಸದಸ್ಯನೂ ಆಗಿದ್ದ ಇಂಗ್ಲಿಷ್ ಗೃಹಸ್ಥ. ತಾಯಿ ಆಫ್ರಿಕದ ಹೆಂಗಸು, ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ತಂದೆಯು ಮಗಳನ್ನು ಒಂಬತ್ತು ವರ್ಷಗಳ ಕರಾರಿನ ಮೇಲೆ ಒಬ್ಬರ ಮನೆಯಲ್ಲಿ ಬಿಟ್ಟನು. ಅಲ್ಲಿಂದ ಅವಳು ಕರ್ನಲ್ ಜಾನ್ ಮಾಟ್ರಮ್ ಎಂಬಾತನ ವಶಕ್ಕೆ ಬಂದು, ಕರಾರಿನ ಅವಧಿ ಮುಗಿದು ಎಷ್ಟೋ ಕಾಲವಾದರೂ ಅಲ್ಲಿಯೇ ದುಡಿಯುತ್ತಿದ್ದಳು. ಮಾಟ್ರಮ್ ತೀರಿಕೊಂಡ ಮೇಲೆ ಆಸ್ತಿಯ ಪಟ್ಟಿ ಮಾಡಹೊರಟವರು ಇವಳನ್ನು ಗುಲಾಮರ ಸಾಲಿನಲ್ಲಿ ಬರೆದರು. ಆಗ ಇವಳ ಪರವಾಗಿ ನಿಂತವನು ವಿಲಿಯಂ ಗ್ರಿನ್‌ಸ್ಟೆಡ್. ಕಾನೂನಿನಲ್ಲಿ ಪರಿಶ್ರಮವಿದ್ದ ಇಂಗ್ಲಿಷ್ ತರುಣ, ಇವಳ ಮಗುವಿನ ತಂದೆ. ಇಂಗ್ಲೆಂಡಿನ ರೂಢಿಯ ನ್ಯಾಯದಂತೆ ಮಗುವಿನ ಅಂತಸ್ತು ತಂದೆಯದನ್ನು ಅನುಸರಿಸತಕ್ಕದ್ದು, ತಂದೆ ಸ್ವತಂತ್ರನಾದುದರಿಂದ ಮಗಳೂ ಸ್ವತಂತ್ರಳು. ಜೊತೆಗೆ ಇವಳು ದೀಕ್ಷಾಸ್ನಾನವಾದ ಕ್ರೈಸ್ತಳು. ಕರಾರಿನ ಅವಧಿಯಂತೂ ಎಂದೋ ಮುಗಿದಿದೆ ಎಂಬುದು ಅವನ ವಾದ. ಕೆಳಗಿನ ನ್ಯಾಯಸ್ಥಾನ ಒಪ್ಪಿತು, ಮೇಲಿನದು ತಳ್ಳಿಹಾಕಿತು, ಶಾಸನಸಭೆಯವರೆಗೆ ಮನವಿ ಹೋಯಿತು. ಕಡೆಗೆ 1656ರಲ್ಲಿ ಅವಳಿಗೆ ಬಿಡುಗಡೆಯಾಗಿ, ಅದೇ ವರ್ಷ ಇಬ್ಬರೂ ಮದುವೆಯಾದರು.

ಈ ವ್ಯಾಜ್ಯ ಇಲ್ಲಿಗೆ ಮುಗಿದಿದ್ದರೆ ಸಂತೋಷದ ಕಥೆಯಾಗುತ್ತಿತ್ತು. ಆದರೆ ತೋಟದ ಒಡೆಯರು ಅದನ್ನು ಮರೆಯಲಿಲ್ಲ. 1662ರ ಡಿಸೆಂಬರಿನಲ್ಲಿ ಅದೇ ಶಾಸನಸಭೆ, ಇಂಗ್ಲಿಷಿನವನಿಗೆ ಕಪ್ಪು ಹೆಂಗಸಿನಲ್ಲಿ ಹುಟ್ಟಿದ ಮಕ್ಕಳು ದಾಸರೋ ಸ್ವತಂತ್ರರೋ ಎಂಬ ಬಗೆಗೆ ಸಂದೇಹಗಳೆದ್ದಿವೆಯೆಂದು ಪೀಠಿಕೆ ಹಾಕಿ, ಆ ದೇಶದಲ್ಲಿ ಹುಟ್ಟಿದ ಮಕ್ಕಳೆಲ್ಲರ ಅಂತಸ್ತೂ ತಾಯಿಯ ಅಂತಸ್ತನ್ನೇ ಅನುಸರಿಸತಕ್ಕದ್ದೆಂದು ವಿಧಿಸಿತು. ಇಂಗ್ಲೆಂಡಿನ ನ್ಯಾಯದಲ್ಲಿ ಪ್ರಜೆಗಳ ಮಕ್ಕಳಿಗೆ ಅನ್ವಯಿಸದ, ದನಕರುಗಳ ಸಂತತಿಗೆ ಮಾತ್ರ ಅನ್ವಯಿಸುತ್ತಿದ್ದ ಪುರಾತನ ರೋಮನ್ ಸೂತ್ರವೊಂದನ್ನು ಹೀಗೆ ಮನುಷ್ಯರ ಮೇಲೆ ಹೊರಿಸಿದಂತಾಯಿತು. ಈ ತರ್ಕವನ್ನು ನಾವು ಪರದೇಶದ್ದೆಂದು ತಳ್ಳುವಂತಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು: ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜ ಮೇಲೋ ಕ್ಷೇತ್ರ ಮೇಲೋ ಎಂಬ ಚರ್ಚೆ ಬರುವಾಗ, ಹಸು, ಕುದುರೆ, ಒಂಟೆ, ಎಮ್ಮೆ, ಆಡು, ಕುರಿಗಳ ಮರಿ ಹೇಗೆ ಹುಟ್ಟಿಸಿದವನಿಗೆ ಸೇರುವುದಿಲ್ಲವೋ ಹಾಗೆ ಎಂದು ದೃಷ್ಟಾಂತ ಕೊಡುವ ಸಾಲಿನ ನಡುವೆ ದಾಸಿಯೂ ನಿಂತಿದ್ದಾಳೆ. ಎರಡು ಖಂಡಗಳ ಧರ್ಮಜ್ಞರು, ಒಬ್ಬರನ್ನೊಬ್ಬರು ಅರಿಯದೆ, ಅವಳನ್ನು ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದರು.

ಅದರ ಫಲವೇನಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಡೆಯನು ತನ್ನ ದಾಸಿಯಲ್ಲಿ ಮಗುವನ್ನು ಪಡೆದರೆ, ಅವನು ಪೋಷಿಸಬೇಕಾದ ಸಂತಾನವೊಂದು ಹುಟ್ಟುವುದರ ಬದಲು ಮಾರಬಹುದಾದ ಸ್ವತ್ತೊಂದು ಹುಟ್ಟುತ್ತಿತ್ತು. ಲಂಪಟತನಕ್ಕೆ ದಂಡ ತೆರಬೇಕಾದಲ್ಲಿ ಲಾಭ ಬರುವ ಏರ್ಪಾಡು ಇದು. ಬಿಟ್ಟುಹೋದ ಬಾಗಿಲುಗಳನ್ನು ಶಾಸನಸಭೆ ಒಂದೊಂದಾಗಿ ಮುಚ್ಚಿತು. ದೀಕ್ಷಾಸ್ನಾನದಿಂದ ದಾಸ್ಯ ಹೋಗದೆಂದು 1667ರಲ್ಲಿ. ಶಿಕ್ಷಿಸುವಾಗ ಗುಲಾಮನು ಸತ್ತರೆ ಅದು ಘೋರಾಪರಾಧವಲ್ಲ, ಏಕೆಂದರೆ ತನ್ನ ಆಸ್ತಿಯನ್ನು ಬೇಕೆಂದೇ ಹಾಳುಮಾಡುವವರು ಯಾರೂ ಇಲ್ಲವೆಂದು 1669ರಲ್ಲಿ. ಇನ್ನೊಂದು ತೊಡಕು ಉಳಿದಿತ್ತು: ಮಗು ತಾಯಿಯನ್ನು ಅನುಸರಿಸುವುದಾದರೆ ಬಿಳಿಯ ಹೆಂಗಸಿಗೆ ಕಪ್ಪು ಗಂಡಸಿನಿಂದ ಹುಟ್ಟಿದ ಮಗು ಸ್ವತಂತ್ರವಾಗಬೇಕಷ್ಟೆ? ಆದುದರಿಂದ 1691ರಲ್ಲಿ ಅಂಥ ವಿವಾಹ ಮಾಡಿಕೊಂಡ ಬಿಳಿಯರನ್ನು ಮೂರು ತಿಂಗಳೊಳಗೆ ವಸಾಹತಿನಿಂದ ಹೊರಗಟ್ಟುವುದೆಂದೂ, ಮದುವೆಯಿಲ್ಲದೆ ಅಂಥ ಮಗುವನ್ನು ಹೆತ್ತ ಬಿಳಿಯ ಹೆಂಗಸು ಹದಿನೈದು ಪೌಂಡು ದಂಡ ತೆರಬೇಕು, ಇಲ್ಲದಿದ್ದರೆ ಐದು ವರ್ಷ ದುಡಿತಕ್ಕೆ ಮಾರಾಟವಾಗಬೇಕು, ಮಗುವು ಮೂವತ್ತು ವಯಸ್ಸಿನವರೆಗೆ ಜೀತದಲ್ಲಿರಬೇಕೆಂದೂ ವಿಧಿಸಲಾಯಿತು. ಕಪ್ಪು ಹೆಂಗಸಿನ ಒಡಲನ್ನು ತೆರೆದಿಟ್ಟ ಕೈಯೇ ಬಿಳಿಯ ಹೆಂಗಸಿನ ಒಡಲಿಗೆ ಬೀಗ ಹಾಕಿತು. 1808ರಲ್ಲಿ ಆಫ್ರಿಕದಿಂದ ಗುಲಾಮರನ್ನು ತರುವುದು ನಿಷಿದ್ಧವಾದ ಮೇಲೆ ಈ ಒಡಲಿನ ಬೆಲೆ ಇನ್ನೂ ಏರಿತು. ಮನುಷ್ಯರೆಲ್ಲರೂ ಸಮಾನರೆಂದು ಬರೆದ ಥಾಮಸ್ ಜೆಫರ್ಸನ್ ಮಹಾಶಯನೇ, ಎರಡು ವರ್ಷಕ್ಕೊಂದು ಮಗು ಹೆರುವ ಹೆಂಗಸು ತೋಟದ ಅತ್ಯುತ್ತಮ ಗಂಡಾಳಿಗಿಂತ ಹೆಚ್ಚು ಲಾಭದವಳೆಂದು 1820ರ ಒಂದು ಪತ್ರದಲ್ಲಿ ಲೆಕ್ಕ ಹಾಕಿದ್ದಾನೆ.

ಟೋನಿ ಮಾರಿಸನ್ ಅವರು 2008ರಲ್ಲಿ ಪ್ರಕಟಿಸಿದ ‘ಎ ಮರ್ಸಿ’ ಎಂಬ ಕಾದಂಬರಿಯನ್ನು ಈ ಶಾಸನಗಳ ಮಸಿ ಇನ್ನೂ ಆರದ ಕಾಲದಲ್ಲಿ, 1680ರ ದಶಕದಲ್ಲಿ, ಇರಿಸಿದ್ದಾರೆ. ಮೇರಿಲೆಂಡಿನ ತೋಟದ ಒಡೆಯನೊಬ್ಬ ಸಾಲ ತೀರಿಸಲಾರದೆ ಗುಲಾಮರಲ್ಲಿ ಒಬ್ಬರನ್ನು ಕೊಂಡುಹೋಗೆಂದು ಸಾಲಿಗನಿಗೆ ಹೇಳುತ್ತಾನೆ. ಸಾಲಿಗನು ತಾಯಿಯೊಬ್ಬಳತ್ತ ಬೆರಳು ತೋರಿದಾಗ ಅವಳು ತನ್ನ ಬದಲು ಮಗಳನ್ನು ಕರೆದುಕೊಂಡು ಹೋಗೆಂದು ಬೇಡುತ್ತಾಳೆ. ಮಗಳು ಫ್ಲಾರೆನ್ಸ್ ಇದನ್ನು ತಾಯಿಯ ನಿರಾಕರಣೆಯೆಂದೇ ಬಗೆದು ಬದುಕೆಲ್ಲ ಬೇಯುತ್ತಾಳೆ. ಆ ಮನೆಯ ಒಡೆಯನ ಕಣ್ಣು ಬೆಳೆಯುತ್ತಿದ್ದ ಮಗಳ ಮೈಮೇಲೆ ಬಿದ್ದುದನ್ನು ಕಂಡು ತಾಯಿ ಹಾಗೆ ಮಾಡಿದಳೆಂಬುದು ಕಡೆಯ ಅಧ್ಯಾಯದಲ್ಲಿ, ಮಗಳಿಗೆ ಎಂದೂ ಕೇಳಿಸದ ತಾಯಿಯ ದನಿಯಲ್ಲಿ, ಓದುಗರಿಗೆ ಮಾತ್ರ ತಿಳಿಯುತ್ತದೆ. ಹೆಸರು ಉಳಿಯದ ಎಲಿಜಬೆತ್ ಕೀಯ ತಾಯಿಯನ್ನು ನೆನೆಯದೆ ಆ ಅಧ್ಯಾಯವನ್ನು ಓದುವುದು ನನಗೆ ಸಾಧ್ಯವಾಗಿಲ್ಲ.

ನ್ಯಾಯಾಧೀಶರೆಲ್ಲರೂ ಕಟುಕರಾಗಿದ್ದರೆಂದು ಭಾವಿಸುವುದು ಸುಲಭ. ಆದರೆ ಕಡತಗಳು ತೋರಿಸುವುದು ಅದಕ್ಕಿಂತ ವಿಷಾದಕರವಾದ ಸಂಗತಿಯನ್ನು. 1829ರಲ್ಲಿ, ಬಾಡಿಗೆಗೆ ತಂದ ಲಿಡಿಯಾ ಎಂಬ ದಾಸಿ ಪೆಟ್ಟು ತಾಳಲಾರದೆ ಓಡಿದಾಗ ಜಾನ್ ಮ್ಯಾನ್ ಎಂಬಾತ ಅವಳಿಗೆ ಗುಂಡು ಹೊಡೆದ ಮೊಕದ್ದಮೆಯಲ್ಲಿ, ಉತ್ತರ ಕ್ಯಾರೊಲಿನದ ನ್ಯಾಯಮೂರ್ತಿ ಥಾಮಸ್ ರಫಿನ್, ತನ್ನ ಮನಸ್ಸಿಗೆ ನೋವಾಗುತ್ತಿದೆಯೆಂದು ಹೇಳುತ್ತಲೇ, ಒಡೆಯನ ಅಧಿಕಾರ ನಿರಂಕುಶವಾಗದೆ ಗುಲಾಮನ ವಿಧೇಯತೆ ಪೂರ್ಣವಾಗದೆಂದು ನಿರ್ಣಯಿಸಿ ಅಪರಾಧಿಯನ್ನು ಬಿಟ್ಟುಕೊಟ್ಟನು. ಒಳ್ಳೆಯ ಮನಸ್ಸು ಕೆಟ್ಟ ಕಾನೂನಿನ ಕೈಯಲ್ಲಿ ಎಷ್ಟು ಸೊಗಸಾಗಿ ಬರೆಯಬಲ್ಲದೆಂಬುದಕ್ಕೆ ಆ ತೀರ್ಪು ನಿದರ್ಶನ.

ಮಿಸೂರಿ ಸಂಸ್ಥಾನದ ಕ್ಯಾಲವೇ ಪರಗಣೆಯಲ್ಲಿ ನಡೆದುದು ಇನ್ನೂ ನೇರವಾದುದು. ಹೆಂಡತಿ ಸತ್ತ ರಾಬರ್ಟ್ ನ್ಯೂಸಮ್ ಎಂಬ ಮುದುಕ 1850ರಲ್ಲಿ ಸುಮಾರು ಹದಿನಾಲ್ಕು ವರ್ಷದ ಸೀಲಿಯಾ ಎಂಬ ಹುಡುಗಿಯನ್ನು ಕೊಂಡು, ಮನೆಗೆ ತರುವ ದಾರಿಯಲ್ಲಿಯೇ ಕೆಡಿಸಿದನು. ಮನೆಯ ಬಳಿ ಅವಳಿಗೊಂದು ಗುಡಿಸಿಲು ಕಟ್ಟಿಸಿಕೊಟ್ಟು ಐದು ವರ್ಷ ಹಾಗೆಯೇ ನಡೆಸಿಕೊಂಡನು. ಅವಳಿಗೆ ಎರಡು ಮಕ್ಕಳಾದುವು, ಮೂರನೆಯದು ಗರ್ಭದಲ್ಲಿತ್ತು, ಮೈಯಲ್ಲಿ ಸ್ವಸ್ಥವಿರಲಿಲ್ಲ. ಬಿಡಿಸಿಕೊಡಿರೆಂದು ನ್ಯೂಸಮನ ಹೆಣ್ಣುಮಕ್ಕಳನ್ನು ಅವಳು ಬೇಡಿದ್ದುಂಟು. 1855ರ ಜೂನ್ 23ರ ರಾತ್ರಿ ಅವನು ಮತ್ತೆ ಬಂದಾಗ ಅವಳು ದೊಣ್ಣೆಯಿಂದ ಹೊಡೆದಳು, ಅವನು ಸತ್ತನು, ಹೆಣವನ್ನು ಒಲೆಯಲ್ಲಿ ಸುಟ್ಟಳು. ಅವಳ ಪರವಾಗಿ ನ್ಯಾಯಸ್ಥಾನವೇ ನೇಮಿಸಿದ ವಕೀಲ ಜಾನ್ ಜೇಮ್ಸನ್ ತನ್ನ ಕೆಲಸವನ್ನು ಶಾಸ್ತ್ರಕ್ಕೆ ಮಾಡಿ ಮುಗಿಸದೆ ಒಂದು ಗಟ್ಟಿಯಾದ ವಾದವನ್ನು ಹೂಡಿದನು: ಯಾವ ಹೆಣ್ಣನ್ನೇ ಆಗಲಿ ಬಲಾತ್ಕಾರದಿಂದ ಕೆಡಿಸುವುದು ಅಪರಾಧವೆಂದು 1845ರ ಮಿಸೂರಿ ಶಾಸನ ಹೇಳುತ್ತದೆ, ಸೀಲಿಯಾಳೂ ಹೆಣ್ಣು, ಆದುದರಿಂದ ಮಾನರಕ್ಷಣೆಗಾಗಿ ಹೊಡೆಯುವ ಹಕ್ಕು ಅವಳಿಗೆ ಉಂಟು. ಜ್ಯೂರಿಗೆ ಹಾಗೆಂದು ತಿಳಿಸಲು ನ್ಯಾಯಾಧೀಶನು ಒಪ್ಪಲಿಲ್ಲ. ಕಂದಾಯದ ಪಟ್ಟಿಯಲ್ಲಿ ಶುರುವಾದ ಒಡಕು ಗಲ್ಲಿನ ಕಂಬದವರೆಗೆ ಬಂದು ಮುಟ್ಟಿತ್ತು. ಸೆರೆಮನೆಯಲ್ಲಿ ಅವಳಿಗೆ ಸತ್ತ ಮಗು ಹುಟ್ಟಿತು; ಡಿಸೆಂಬರ್ 21ರಂದು ಅವಳನ್ನು ಗಲ್ಲಿಗೇರಿಸಿದರು. ಅವಳ ಮಾತೆಂದು ಇಂದು ಉಳಿದಿರುವುದೆಲ್ಲ, ತಾವು ಕೇಳಿದೆವೆಂದು ಇತರರು ಸಾಕ್ಷಿ ನುಡಿದುದು.

ಈ ಕೇಳಿದೆನೆಂಬುವರ ವಿಷಯವಾಗಿಯೇ ಶೆರ್ಲಿ ಆ್ಯನ್ ವಿಲಿಯಮ್ಸ್ ಅವರು 1986ರಲ್ಲಿ ‘ಡೆಸಾ ರೋಸ್’ ಎಂಬ ಕಾದಂಬರಿ ಬರೆದರು. ಸರಪಣಿಯಲ್ಲಿ ಕಟ್ಟಿ ಮಾರಾಟಕ್ಕೆ ಒಯ್ಯುತ್ತಿದ್ದ ಗುಲಾಮರು 1829ರಲ್ಲಿ ಕೆಂಟಕಿಯಲ್ಲಿ ದಂಗೆಯೆದ್ದಾಗ ಸಿಕ್ಕಿಬಿದ್ದ ಗರ್ಭಿಣಿಯೊಬ್ಬಳು ಆ ಕಥೆಗೆ ಮೂಲ. ಅವಳಿಗೆ ಮರಣದಂಡನೆಯಾದರೂ ಹೆರಿಗೆಯವರೆಗೆ ಅದನ್ನು ತಡೆಹಿಡಿದರು. ಕಾದಂಬರಿಯಲ್ಲಿ ಇದು ಕರುಣೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ; ಹುಟ್ಟಲಿರುವ ಮಗು ಒಡೆಯನ ಸೊತ್ತು. ಗುಲಾಮರ ದಂಗೆಯನ್ನು ತಡೆಗಟ್ಟುವ ಬಗೆಯನ್ನು ಕುರಿತು ಪುಸ್ತಕ ಬರೆಯಲಿರುವ ಬಿಳಿಯ ಲೇಖಕನೊಬ್ಬ ನೆಲಮಾಳಿಗೆಯಲ್ಲಿ ಅವಳನ್ನು ಪ್ರಶ್ನಿಸಿ ಪುಟಗಟ್ಟಲೆ ಬರೆದುಕೊಳ್ಳುತ್ತಾನೆ. ಕಡೆಯಲ್ಲಿ ಆ ಪುಟಗಳನ್ನು ಬಿಡಿಸಿ ನೋಡಿದವರಿಗೆ ಗೀಚಿದ ಗೆರೆಗಳೂ ಬರಿಯ ಹಾಳೆಗಳೂ ಕಾಣುತ್ತವೆ.

ಈಗ ಮಾರ್ಗರೆಟ್ ಗಾರ್ನರಳ ವಿಷಯಕ್ಕೆ ಬರೋಣ. ಕಾನೂನು ತನ್ನ ಬಲೆಯಲ್ಲಿ ತಾನೇ ಸಿಕ್ಕಿಕೊಂಡುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಸಂಗ ಅಮೆರಿಕದ ಚರಿತ್ರೆಯಲ್ಲಿ ಇನ್ನೊಂದಿರುವುದು ಸಂದೇಹ. 1856ರ ಜನವರಿ ಕೊನೆಯ ಒಂದು ರಾತ್ರಿ ಓಹಾಯೋ ನದಿ ಹೆಪ್ಪುಗಟ್ಟಿತ್ತು. ನದಿಯ ಈಚೆ ದಾಸ್ಯದ ಕೆಂಟಕಿ, ಆಚೆ ದಾಸ್ಯವಿಲ್ಲದ ಓಹಾಯೋ. ಬೂನ್ ಪರಗಣೆಯಿಂದ ಹೊರಟ ಹದಿನೇಳು ಮಂದಿ ಗುಲಾಮರು ನದಿಯನ್ನು ದಾಟಿ ಸಿನ್ಸಿನಾಟಿ ನಗರವನ್ನು ಸೇರಿದರು. ಅವರಲ್ಲಿ ಬಹುಮಂದಿ ಕೆನಡವನ್ನು ಮುಟ್ಟಿ ಬದುಕಿಕೊಂಡರು. ಮಾರ್ಗರೆಟ್, ಅವಳ ಗಂಡ ರಾಬರ್ಟ್, ಅತ್ತೆಮಾವಂದಿರು, ನಾಲ್ಕು ಮಕ್ಕಳು ಮಾತ್ರ ಬಂಧುವೊಬ್ಬನ ಮನೆಯಲ್ಲಿ ತಂಗಿದ್ದಾಗ ಒಡೆಯ ಆರ್ಚಿಬಾಲ್ಡ್ ಗೇನ್ಸ್ ಸರ್ಕಾರಿ ಅಧಿಕಾರಿಗಳೊಡನೆ ಬಂದು ಮನೆಯನ್ನು ಸುತ್ತುಗಟ್ಟಿದನು. ಬಾಗಿಲು ಮುರಿಯುವಷ್ಟರಲ್ಲಿ ಮಾರ್ಗರೆಟ್ ಕಸಾಯಿ ಕತ್ತಿಯಿಂದ ತನ್ನ ಎರಡು ವರ್ಷದ ಮಗಳು ಮೇರಿಯ ಕತ್ತನ್ನು ಕೊಯ್ದಿದ್ದಳು. ಉಳಿದವರನ್ನೂ ಕೊಲ್ಲಹೊರಟವಳನ್ನು ಹಿಡಿದು ತಡೆದರು.

1850ರ ಪಲಾಯಿತ ಗುಲಾಮರ ಕಾಯಿದೆಯಂತೆ ವಿಚಾರಣೆ ಫೆಡರಲ್ ಕಮಿಷನರ್ ಜಾನ್ ಪೆಂಡರಿಯ ಮುಂದೆ ನಡೆಯಬೇಕಾಯಿತು. ಆ ಕಾಯಿದೆಯಲ್ಲಿ ಜ್ಯೂರಿಯಿಲ್ಲ. ಓಡಿಬಂದವರ ಸಾಕ್ಷ್ಯಕ್ಕೆ ಅವಕಾಶವಿಲ್ಲ. ಗುಲಾಮನನ್ನು ಒಡೆಯನಿಗೆ ಒಪ್ಪಿಸಿದರೆ ಕಮಿಷನರಿಗೆ ಹತ್ತು ಡಾಲರು, ಬಿಟ್ಟುಬಿಟ್ಟರೆ ಐದು. (ಹೆಚ್ಚಿನ ಕಾಗದಪತ್ರಗಳ ಶ್ರಮಕ್ಕೆ ಹೆಚ್ಚಿನ ಹಣವೆಂದು ಅದಕ್ಕೆ ಸಮಾಧಾನ ಹೇಳುತ್ತಿದ್ದರು.) ಗಾರ್ನರ್ ಕುಟುಂಬದ ವಕೀಲ ಜಾನ್ ಜಾಲಿಫ್ ಎರಡು ಅಸ್ತ್ರಗಳನ್ನು ಹೂಡಿದನು. ಮಾರ್ಗರೆಟಳು ಹುಡುಗಿಯಾಗಿದ್ದಾಗ ಒಡೆಯನ ಮನೆಯವರೇ ಅವಳನ್ನು ಮಗು ನೋಡಿಕೊಳ್ಳಲು ಸಿನ್ಸಿನಾಟಿಗೆ ಕರೆತಂದಿದ್ದರು; ಒಡೆಯನ ಒಪ್ಪಿಗೆಯಿಂದ ಸ್ವತಂತ್ರ ನೆಲವನ್ನು ಮೆಟ್ಟಿದ ಕ್ಷಣದಲ್ಲಿಯೇ ಅವಳು ಸ್ವತಂತ್ರಳಾದಳು; ಮಕ್ಕಳೆಲ್ಲ ಹುಟ್ಟಿದುದು ಆಮೇಲೆ; ಮಗುವಿನ ಅಂತಸ್ತು ತಾಯಿಯ ಅಂತಸ್ತನ್ನು ಅನುಸರಿಸುವುದರಿಂದ ಅವರೂ ಹುಟ್ಟಿನಿಂದಲೇ ಸ್ವತಂತ್ರರು. ವರ್ಜೀನಿಯಾದ ತೋಟಗಾರರು 1662ರಲ್ಲಿ ಮಕ್ಕಳನ್ನು ಕಟ್ಟಿಹಾಕಲು ಹೊಸೆದ ಹಗ್ಗದಿಂದಲೇ ಜಾಲಿಫ್ ಅವರನ್ನು ಮೇಲೆತ್ತಲು ನೋಡಿದನು. ಅವಳು ತಾನಾಗಿ ಕೆಂಟಕಿಗೆ ಹಿಂದಿರುಗಿದ್ದರಿಂದ ದಾಸ್ಯವು ಮತ್ತೆ ಅಂಟಿಕೊಂಡಿತೆಂದು ಕಮಿಷನರ್ ತೀರ್ಮಾನಿಸಿದನು. ಪರರ ಕೂಸನ್ನೆತ್ತಿಕೊಂಡು ಯಜಮಾನಿತಿಯ ಹಿಂದೆ ನಡೆದ ಬಾಲಕಿ ‘ತಾನಾಗಿ’ ಹಿಂದಿರುಗಿದಳಂತೆ!

ಎರಡನೆಯ ಅಸ್ತ್ರ ಇನ್ನೂ ವಿಚಿತ್ರವಾದುದು. ಮಾರ್ಗರೆಟಳ ಮೇಲೆ ಕೊಲೆಯ ಆಪಾದನೆ ಹೊರಿಸಿ ಓಹಾಯೋ ಸಂಸ್ಥಾನದ ನ್ಯಾಯಸ್ಥಾನದಲ್ಲಿ ವಿಚಾರಿಸಿರೆಂದು ಅವಳ ಹಿತೈಷಿಗಳೇ ಕೇಳಿಕೊಂಡರು. ಅಲ್ಲಿಯ ಮಹಾಜ್ಯೂರಿ ಹಾಗೆ ಆಪಾದನೆ ಹೊರಿಸಿಯೂ ಇತ್ತು. ಕೊಲೆಗಾರ್ತಿಯೆಂದು ಕರೆಸಿಕೊಳ್ಳಬೇಕಾದರೆ ಅವಳು ಮನುಷ್ಯಳಾಗಿರಬೇಕು, ಸತ್ತುದು ಮಗುವಾಗಿರಬೇಕು. ಗುಲಾಮಳೆಂದಾದರೆ ಅವಳು ಓಡಿಹೋದ ಸ್ವತ್ತು, ಸತ್ತುದು ನಷ್ಟವಾದ ಸ್ವತ್ತು. ಮಾನವತೆಯ ಹಾದಿ ನೇಣಿನ ಕೆಳಗೆ ಹಾದುಹೋಗುತ್ತಿತ್ತು, ಅವಳ ಹಿತೈಷಿಗಳು ಅದನ್ನೇ ಬೇಡಿದರು, ಅದೂ ಸಿಕ್ಕಲಿಲ್ಲ. ಸ್ತ್ರೀಯರ ಹಕ್ಕಿಗಾಗಿ ಹೋರಾಡುತ್ತಿದ್ದ ಲೂಸಿ ಸ್ಟೋನ್ ಕಮಿಷನರನ ನ್ಯಾಯಸ್ಥಾನದಲ್ಲಿ ಎದ್ದು ನಿಂತು, ಮಕ್ಕಳ ಮಾಸಿದ ಬಣ್ಣವೇ ದಾಸಿಯರ ಪಾಡನ್ನು ಹೇಳುತ್ತಿದೆಯೆಂದು ಎಲ್ಲರ ಮುಂದೆ ನುಡಿದರು. ನಾಗರಿಕ ಸಭೆಗಳಲ್ಲಿ ಬಾಯಿಬಿಡಬಾರದೆಂದಿದ್ದ ಮಾತನ್ನು ಆಡಿದವರು ಒಬ್ಬ ಬಿಳಿಯ ಮಹಿಳೆ. ತೀರ್ಪು ಒಡೆಯನ ಪರವಾಯಿತು. ಓಹಾಯೋದ ಗವರ್ನರ್ ಸಾಮನ್ ಚೇಸ್ ಅವಳನ್ನು ಮರಳಿ ಕೇಳುವಷ್ಟರಲ್ಲಿ ಗೇನ್ಸ್ ಅವಳನ್ನು ಊರಿಂದೂರಿಗೆ ಸಾಗಿಸುತ್ತಿದ್ದನು. ಮಾರ್ಚ್ ತಿಂಗಳಲ್ಲಿ ದಕ್ಷಿಣಕ್ಕೆ ಒಯ್ಯುತ್ತಿದ್ದ ಹೊಗೆಹಡಗು ಇನ್ನೊಂದು ಹಡಗಿಗೆ ಬಡಿದು ಅವಳ ಕೈಗೂಸು ನೀರುಪಾಲಾಯಿತು. 1858ರಲ್ಲಿ ಮಿಸಿಸಿಪಿಯಲ್ಲಿ ಅವಳು ವಿಷಮಶೀತಜ್ವರದಿಂದ ಸತ್ತಳು.

ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿದ್ದ ಟೋನಿ ಮಾರಿಸನ್, 1974ರಲ್ಲಿ ಬಂದ ‘ದ ಬ್ಲ್ಯಾಕ್ ಬುಕ್’ ಎಂಬ ಸಂಕಲನವನ್ನು ಸಿದ್ಧಪಡಿಸುವಾಗ, ಸೆರೆಮನೆಯಲ್ಲಿ ಮಾರ್ಗರೆಟಳನ್ನು ಕಂಡು ಬಂದ ಪಾದ್ರಿಯೊಬ್ಬರ ಹಳೆಯ ಪತ್ರಿಕಾವರದಿ ಅವರ ಕಣ್ಣಿಗೆ ಬಿತ್ತು. ಅದರಿಂದ ಹುಟ್ಟಿದುದು 1987ರ ‘ಬಿಲವೆಡ್’. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಅದನ್ನು ಮಾರ್ಗರೆಟಳ ಕಥೆಯೆಂದು ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ನ್ಯಾಯದ ವಿಷಯದಲ್ಲಿ ಮಾರಿಸನ್ ಮಾಡಿದ ಒಂದು ಮಾರ್ಪಾಟನ್ನು ಆ ವಾಡಿಕೆ ಮರೆಮಾಡುತ್ತದೆ. ಕಾದಂಬರಿಯ ಸೆಥೆ ತನ್ನ ಮಗುವನ್ನು ಕೊಂದಾಗ, ಇವಳು ಇನ್ನು ಕೆಲಸಕ್ಕೆ ಬಾರದ ಸ್ವತ್ತೆಂದು ಒಡೆಯ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಊರಿನ ಷೆರಿಫ್ ಅವಳನ್ನು ಕೊಲೆಗಾಗಿ ಸೆರೆಗೆ ಒಯ್ಯುತ್ತಾನೆ. ದಾಸ್ಯವಿರೋಧಿಗಳ ಮನವಿಗಳಿಂದ ಅವಳಿಗೆ ಬಿಡುಗಡೆಯಾಗುತ್ತದೆ. ಎಂದರೆ, 1856ರಲ್ಲಿ ಜಾಲಿಫ್ ಬೇಡಿ ಪಡೆಯಲಾರದೆ ಹೋದುದನ್ನು ಮಾರಿಸನ್ ತಮ್ಮ ನಾಯಿಕೆಗೆ ಧಾರಾಳವಾಗಿ ಕೊಟ್ಟರು. ಕಾನೂನು ಅವಳನ್ನು ಮನುಷ್ಯಳೆಂದು ಒಪ್ಪಿತು, ಶಿಕ್ಷಿಸಿತು, ಕ್ಷಮಿಸಿತು. ಆ ಮೇಲೆ ಏನು? ಕಾದಂಬರಿ ಆರಂಭವಾಗುವುದೇ ಅದಾದ ಹದಿನೆಂಟು ವರ್ಷಗಳ ಮೇಲೆ, 1873ರಲ್ಲಿ. ನಮ್ಮಲ್ಲಿ ಜ್ಯೋತಿಬಾ ಫುಲೆಯವರು ‘ಗುಲಾಮಗಿರಿ’ಯನ್ನು ಪ್ರಕಟಿಸಿ ಅದನ್ನು ದಾಸ್ಯವನ್ನು ತೊಡೆದ ಅಮೆರಿಕದ ಜನತೆಗೆ ಅರ್ಪಿಸಿದ ವರ್ಷವೂ ಅದೇ. ಫುಲೆಯವರು ದೂರದಿಂದ ಕಂಡು ನಮಿಸಿದ ಆ ಸ್ವಾತಂತ್ರ್ಯದ ಮನೆಯೊಳಗೆ ಸೆಥೆ ನೆರೆಹೊರೆಯ ಮಾತಿಲ್ಲದೆ, ಗಂಡುಮಕ್ಕಳಿಬ್ಬರೂ ಓಡಿಹೋಗಿ, ಸತ್ತ ಮಗಳೊಡನೆ ಮುಗಿಯದ ವಾದ ಹೂಡಿ ಕುಳಿತಿದ್ದಾಳೆ. ಆ ವಾದವನ್ನು ಕೇಳುವ ಅಧಿಕಾರ ಯಾವ ನ್ಯಾಯಸ್ಥಾನಕ್ಕೂ ಇಲ್ಲ. ಅಧಿಕಾರವಿರುವವಳು ಒಬ್ಬಳೇ, ಅವಳು ದೆವ್ವವಾಗಿ ಬಂದಿದ್ದಾಳೆ.

ಸೆಥೆಯ ತೋಟದ ಹೊಸ ಯಜಮಾನ ಶಾಲೆಯ ಉಪಾಧ್ಯಾಯ. ಅವಳ ಮಾನುಷ ಗುಣಗಳನ್ನೂ ಪಶುಗುಣಗಳನ್ನೂ ಎರಡು ಸಾಲಿನಲ್ಲಿ ಬರೆಯಿರೆಂದು ತನ್ನ ಹುಡುಗರಿಗೆ ಪಾಠ ಹೇಳುತ್ತಾನೆ. ಬರೆಯುವ ಮಸಿಯನ್ನು ಅರೆದುಕೊಟ್ಟವಳು ಸೆಥೆಯೇ. 1662ರ ಶಾಸನಕ್ಕೆ ಇದಕ್ಕಿಂತ ನಿಷ್ಠುರವಾದ ಭಾಷ್ಯವನ್ನು ನಾನು ಓದಿಲ್ಲ. ಇನ್ನೊಂದು ಕುಹಕವನ್ನೂ ಲೇಖಕಿ ಅಡಗಿಸಿಟ್ಟಿದ್ದಾರೆ: ಕಾದಂಬರಿಯಲ್ಲಿ ಗಾರ್ನರ್ ಎಂಬ ಹೆಸರು ತೋಟದ ಹಳೆಯ ಒಡೆಯನದು.

ಎಡ್ವರ್ಡ್ ಪಿ. ಜೋನ್ಸ್ ಅವರ ‘ದ ನೋನ್ ವರ್ಲ್ಡ್’ (2003) ಇದೇ ಕಾನೂನನ್ನು ಮತ್ತೊಂದು ಮಗ್ಗುಲಿನಿಂದ ನೋಡುತ್ತದೆ. ವರ್ಜೀನಿಯಾದಲ್ಲಿ 1806ರ ಶಾಸನದಂತೆ ಬಿಡುಗಡೆ ಹೊಂದಿದ ಗುಲಾಮರು ಹನ್ನೆರಡು ತಿಂಗಳೊಳಗೆ ಸಂಸ್ಥಾನವನ್ನು ಬಿಡಬೇಕಾಗಿತ್ತು. ಆದುದರಿಂದ ದುಡಿದು ಹೆಂಡತಿಮಕ್ಕಳನ್ನು ಕೊಂಡ ಕಪ್ಪು ಗಂಡಸರು ಅವರನ್ನು ಕಾಗದದಲ್ಲಿ ತಮ್ಮ ಗುಲಾಮರೆಂದೇ ಇಟ್ಟುಕೊಳ್ಳಬೇಕಾಗಿ ಬರುತ್ತಿತ್ತು. ಕುಶಲಿ ಬಡಗಿ ಆಗಸ್ಟಸ್ ಟೌನ್ಸೆಂಡ್ ಹೀಗೆ ತನ್ನನ್ನೂ ಹೆಂಡತಿಯನ್ನೂ ಮಗನನ್ನೂ ಕೊಂಡುಕೊಳ್ಳುತ್ತಾನೆ. ಆ ಮಗ ಹೆನ್ರಿ ಬೆಳೆದು ತಾನೇ ಗುಲಾಮರ ಒಡೆಯನಾಗುತ್ತಾನೆ. ಕಡೆಗೆ ಗಸ್ತಿನವನೊಬ್ಬ ಆಗಸ್ಟಸನ ಸ್ವಾತಂತ್ರ್ಯಪತ್ರವನ್ನು ಅವನ ಎದುರಿನಲ್ಲಿಯೇ ತಿಂದುಹಾಕಿ, ಅವನನ್ನು ಮಾರಿಬಿಡುತ್ತಾನೆ.

ತಾಯಿಯ ಅಂತಸ್ತಿನ ಸೂತ್ರ 1865ರಲ್ಲಿ, ಸಂವಿಧಾನದ ಹದಿಮೂರನೆಯ ತಿದ್ದುಪಡಿಯೊಡನೆ, ದಾಸ್ಯದ ಜೊತೆಗೇ ಅಳಿಯಿತು. ಅದರ ಒಡಹುಟ್ಟಾದ 1691ರ ವಿವಾಹನಿಷೇಧ ಮಾತ್ರ ರೂಪ ಬದಲಿಸಿಕೊಳ್ಳುತ್ತ ಇನ್ನೂ ನೂರು ವರ್ಷ ಬಾಳಿತು. ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಗಳ ಮೊಕದ್ದಮೆಯಲ್ಲಿ 1967ರ ಜೂನ್ 12ರಂದು ಅಮೆರಿಕದ ಪರಮೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಆ ತೀರ್ಪು ಬಂದ ಹನ್ನೆರಡು ವರ್ಷಕ್ಕೆ ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ ಪ್ರಕಟವಾಯಿತು. ಅದರ ನಾಯಿಕೆ ಡೇನಾ ಕಪ್ಪು ಹೆಣ್ಣು, ಗಂಡ ಕೆವಿನ್ ಬಿಳಿಯ. 1976ರ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರೂ ಲೇಖಕರಾಗಿ ಸುಖವಾಗಿದ್ದಾರೆ. ಅವಳನ್ನು ಯಾವುದೋ ಶಕ್ತಿ ಮತ್ತೆ ಮತ್ತೆ ಹಿಂದಿನ ಶತಮಾನದ ಮೇರಿಲೆಂಡಿಗೆ ಎಳೆದೊಯ್ಯುತ್ತದೆ. ಅಲ್ಲಿ ರೂಫಸ್ ಎಂಬ ಬಿಳಿಯ ಹುಡುಗನ, ಮುಂದೆ ಗುಲಾಮರ ಒಡೆಯನಾಗುವವನ, ಪ್ರಾಣವನ್ನು ಅವಳು ಪ್ರತಿಸಲವೂ ಉಳಿಸಬೇಕು, ಏಕೆಂದರೆ ಆಲಿಸ್ ಎಂಬ ಹೆಣ್ಣಿನಲ್ಲಿ ಅವನಿಗೆ ಹುಟ್ಟಲಿರುವ ಹೇಗರ್ ಇವಳ ಕುಲದ ಅಜ್ಜಿ. ಆಲಿಸ್ ಒಪ್ಪುವುದಿಲ್ಲ. ಅವನ ಬಳಿಗೆ ಹೋಗೆಂದು ಅವಳಿಗೆ ತಿಳಿಯಹೇಳುವ ಕೆಲಸ, ಸ್ವತಂತ್ರಳಾಗಿ ಹುಟ್ಟಿ ಓದಿ ಬೆಳೆದ ಡೇನಾಳ ಪಾಲಿಗೇ ಬರುತ್ತದೆ, ಅವಳು ಹೇಳುತ್ತಾಳೆ. ರೂಫಸನ ಹೆಸರು ಅವಳಿಗೆ ಮೊದಲೇ ಗೊತ್ತಿತ್ತು, ಹೇಗರಳು ಇಟ್ಟುಕೊಂಡಿದ್ದ ಮನೆತನದ ಬೈಬಲ್ಲಿನಲ್ಲಿ ಅದು ಬರೆದಿತ್ತು. ಅವನು ಬಿಳಿಯನೆಂಬುದನ್ನು ಮಾತ್ರ ಮನೆಯಲ್ಲಿ ಯಾರೂ ಎಂದೂ ಹೇಳಿರಲಿಲ್ಲ.